ಸೆದ್ರೋನ್ ಬುಡದ ಮಣ್ಣು

ಜನವರಿ 9, ಬೆಳಿಗ್ಗೆ
ಸೊಪ್ಪು ಕಟ್ಟಿ ಅಸುನ್ಸಿಯೋನ್ ಪೇಟೆಗೆ ಹೋಗುವ ಬಸ್ಸಿಗೆ ಹಾಕಿದ್ದಾಯಿತು. ಕಟ್ಟು ಸಣ್ಣದು. ಪುದೀನ ಒಣಗಿತು, ಬಾವಿಯ ತಳ ಕಾಣುತ್ತಿದೆ. ಈ ಜನವರಿಯ ಕಡುಬೇಸಿಗೆಗೆ ಊರೆಲ್ಲ ತಣ್ಣನೆಯ ತೆರೆರೆ ಚಹಾ ಹೀರುತ್ತಿದೆ, ಅದಕ್ಕೆ ಜಜ್ಜಿ ಹಾಕಲು ನನ್ನ ಹತ್ತಿರ ಸೊಪ್ಪಿಲ್ಲ! ಅಮ್ಮ ನೆಟ್ಟ ಸೆದ್ರೋನ್ ಗಿಡವೊಂದೇ ಹಸಿರು. ನಿಂಬೆ ವಾಸನೆಯ ಆ ಎಲೆಯಿಂದಲೇ ಈಗ ಹೊಟ್ಟೆಪಾಡು.

ಪಕ್ಕದ ಸುನಿಲ್ದಾಳ ಮಡಿ ಮಾತ್ರ ನಳನಳಿಸುತ್ತಿದೆ. ಅವಳು ನೀರು ಹೊರುವುದನ್ನು ಕಂಡಿಲ್ಲ. ಹೇಗೆ?

ಜನವರಿ 11
ಸೆದ್ರೋನ್ ಬುಡದಲ್ಲಿ ಗುಂಡಿ. ಯಾರೋ ಮಣ್ಣು ತೋಡಿದ್ದಾರೆ. ಕೋಳಿ ಕೆದರಿದ್ದಲ್ಲ — ಚಮಚದ ಗುರುತು. ಬುಡದ ಮಣ್ಣು ಒಯ್ಯುವುದು ಮಾಟಕ್ಕೇ. ಇನ್ನು ಯಾತಕ್ಕೆ?

ಬೇಲಿಯಾಚೆಯಿಂದ ಸುನಿಲ್ದಾ, "ಏನ್ ಕೊಮಾದ್ರೆ, ಗಿಡದ ಜೊತೆ ಮಾತಾಡ್ತಿದೀಯಾ?" ಎಂದು ನಕ್ಕಳು. ಅವಳ ಮಗಳಿಗೆ ನಾನೇ ಧರ್ಮತಾಯಿ, ಅದಕ್ಕೇ ಈ 'ಕೊಮಾದ್ರೆ'! ಅವಳ ಉಗುರಲ್ಲಿ ಮಣ್ಣಿತ್ತು. ಕಂಡೆ.

ಜನವರಿ 12
ಮಾಟಕ್ಕೆ ಮದ್ದು ಗೊತ್ತು. ಕೊಡ ತುಂಬ ನೀರು ಕುದಿಸಿ, ಉಪ್ಪು ಸುರಿದು ಬುಡಕ್ಕೆ ಹೊಯ್ದೆ. ಕದ್ದವಳ ಕೈ ಸುಡಲಿ. ಮನಸ್ಸು ಹಗುರವಾಯಿತು.

ಜನವರಿ 20
ಸೆದ್ರೋನ್ ಎಲೆಗಳು ಉದುರಿದವು. ಎಲ್ಲವೂ. ಬರೆಯಲು ಕೈ ಏಳಲಿಲ್ಲ ಇಷ್ಟು ದಿನ.

ಸುನಿಲ್ದಾ ಓಡಿಬಂದಳು. ಬುಡದಲ್ಲಿ ಬಿಳಿಯಾಗಿ ಕಟ್ಟಿದ ಹಕ್ಕಳೆ ಕಂಡು ಎದೆ ಬಡಿದುಕೊಂಡಳು.

"ಏನ್ ಸುರಿದ್ಯೇ?"

"ಕುದಿಯೋ ಉಪ್ಪುನೀರು. ಮಾಟ ಮಾಡಿಸಿದವಳು ನೀನು!"

"ಅಯ್ಯೋ ಹುಚ್ಚಿ! ನನ್ನ ಸಸಿಗೆ ಹಾಕೋಕೆ ಎರಡು ತಿಂಗಳಿಂದ ಚಮಚ ಚಮಚ ಮಣ್ಣು ಒಯ್ತಿದ್ದೆ ಕಣೇ. ಆ ಮಣ್ಣಲ್ಲಿ ಶಿಲೀಂಧ್ರ ಇದೆ. ಕಣ್ಣಿಗೆ ಕಾಣದಂಥ ಎಳೆ ಬಿಟ್ಟು, ಬೇರು ಮುಟ್ಟದ ಕಡೆಯಿಂದ ನೀರು ಎಳೆದು ಕೊಡತ್ತಂತೆ. ಮಗಳ ಸ್ಕೂಲಿನ ಕೃಷಿ ಟೀಚರ್ ಹೇಳಿದ್ದು. ನಿನ್ನಮ್ಮನ ಗಿಡ ಬರದಲ್ಲೂ ಉಳಿದಿದ್ದು ಅದರಿಂದ. ಅದನ್ನೇ ಬೇಯಿಸಿಬಿಟ್ಯಲ್ಲೇ!"

"ಕೇಳಿ ಒಯ್ಯಬೇಕಿತ್ತು."

"ಕೇಳಿದ್ರೆ ಕೊಡ್ತಿದ್ಯಾ? ಯಾರಿಗಾದ್ರೂ ನೆಡೋಕೆ ಒಂದು ಕಡ್ಡಿ ಕೊಟ್ಟಿದೀಯಾ?"

ಆ ಶಿಲೀಂಧ್ರದ ಮಾತು ಸುಳ್ಳೂ ಇರಬಹುದು... ಕಣ್ಣಿಗೆ ಕಾಣದ್ದನ್ನು ನಂಬುವುದು ಹೇಗೆ?

ಜನವರಿ 23, ಸಂಜೆ
ಕಡ್ಡಿ ಮುರಿದು ನೋಡಿದೆ. ಒಳಗೂ ಕಂದು. ಸತ್ತಿದೆ. ಅಮ್ಮಾ, ನಾನೇ ಕೊಂದೆ. ನಾಳೆ ಬಸ್ಸಿಗೆ ಹಾಕಲು ಏನೂ ಇಲ್ಲ.

ಸುನಿಲ್ದಾ ಬಾಗಿಲಲ್ಲಿ ಒಂದು ಬೋಗುಣಿ ಮಣ್ಣು, ತನ್ನ ಮಡಿಯ ಎರಡು ಪುದೀನ ಸಸಿ ಇಟ್ಟಳು. "ನಿನ್ನ ಗಿಡದ ಮಣ್ಣೇ, ಅದರ ಶಿಲೀಂಧ್ರ ನನ್ನ ಮಡೀಲಿ ಬೆಳೆದಿದೆ. ಉಪ್ಪು ಬೀಳದ ಜಾಗದಲ್ಲಿ ನೆಡು," ಎಂದವಳು ನಿಲ್ಲದೆ ಹೋದಳು.

ಗುಂಡಿ ತೋಡಿದೆ. ಸಸಿ ಕೈಯಲ್ಲಿ. ಆದರೆ ಇಷ್ಟು ಸುಲಭವಾಗಿ ಏಕೆ ಕೊಟ್ಟಳು? ಸೇಡಿಗೆ ಉಪ್ಪು ಬೆರೆಸಿದ್ದರೆ? ಚಿಟಿಕೆ ಮಣ್ಣು ನಾಲಿಗೆಗೆ ಹಚ್ಚಿ ನೋಡಿದೆ. ಮೇಲೆ ಉಪ್ಪಿಲ್ಲ.

ಇನ್ನೊಂದು ಚಿಟಿಕೆ, ಬೋಗುಣಿಯ ತಳದಿಂದ —