‘ಮುಟ್ಟಬೇಡ’ ಎಂಬ ಚೀಟಿ

ಕ್ಲಿನಿಕ್ಕಿನ ಹಿಂದಿನ ಕೋಣೆ
ಗುರುವಾರ ಮಧ್ಯಾಹ್ನ

ತೀರ್ಥರೂಪ ಅಣ್ಣನಿಗೆ (ಸುತ್ತಲೂ ಉಪ್ಪುನೀರೇ ಇರುವುದರಿಂದ ಬಿರುದು ಒಪ್ಪುತ್ತದೆ),

ಆತ್ಮಸಾಕ್ಷಿಯಾಗಿ ಒಪ್ಪಿಕೊಳ್ಳುತ್ತೇನೆ: ನೀನು ಹಡಗಿನ ವಿದ್ಯುತ್ ಕೆಲಸಕ್ಕೆ ಹೊರಟ ವಾರವೇ, ಅತ್ತಿಗೆಯ ಹಲ್ಲಿನ ಕ್ಲಿನಿಕ್ಕಿಗೆಲ್ಲ ಇಂಟರ್ನೆಟ್ ಹಂಚುವ ನಿನ್ನ ರೌಟರಿನ ಮೇಲೆ ‘ಮುಟ್ಟಬೇಡ’ ಎಂದು ಬರೆದು ಅಂಟಿಸಿದ್ದ ಚೀಟಿಯನ್ನು ಕಿತ್ತವನು ನಾನೇ. ಕೃತ್ಯ: ಪೂರ್ವಯೋಜಿತ. ಆಯುಧ: ಹೆಬ್ಬೆರಳ ಉಗುರು. ಪಶ್ಚಾತ್ತಾಪ: ಇಲ್ಲ. ನಿನ್ನ ಆರೋಗ್ಯ ಹೇಗಿದೆ? ಚೆನ್ನಾಗಿ ನೋಡಿಕೊ. ಅತ್ತಿಗೆಯ ಕೈಗೆ ಸಿಕ್ಕುವವರೆಗಾದರೂ ಉಳಿಯಬೇಕು. ಕಾಗದವೇಕೆಂದರೆ ಇಲ್ಲಿ ನೆಟ್ ಇಲ್ಲ. ನೆಟ್ ಏಕಿಲ್ಲವೆಂದರೆ, ನೀನು.

ಸೋಮವಾರ ಬೆಳಿಗ್ಗೆ ಅತ್ತಿಗೆ ದವಡೆ ಊದಿದ ಮೇಷ್ಟರೊಬ್ಬರನ್ನು ಕುರ್ಚಿಯಲ್ಲಿ ಒರಗಿಸಿ, ಬಾಯಿ ಅಗಲಿಸಿ, ಕಂಪ್ಯೂಟರಿನಲ್ಲಿ ಎಕ್ಸ್‌ರೇ ತೆರೆಯಹೋದರೆ ಒಂದು ಹಲ್ಲಿನ ಚಿತ್ರವೂ ತೆರೆಯಲಿಲ್ಲ. ಯಾರೋ ನೆಟ್ ಮೂಲಕ ಹೊರಗಿನಿಂದ ನುಗ್ಗಿ ಎಲ್ಲ ಫೈಲಿಗೂ ಬೀಗ ಜಡಿದಿದ್ದರು. ಮೇಷ್ಟರು ಬಾಯಿ ಬಿಟ್ಟೇ ಇದ್ದರು, ಡಾಕ್ಟರು ಹಲ್ಲು ಕಡಿಯುತ್ತಿದ್ದರು. ಅಂದಿನಿಂದ ಕ್ಲಿನಿಕ್ಕಿನ ಬಾಗಿಲು ಮುಚ್ಚಿದೆ. ಹೇಗೆ ನುಗ್ಗಿದರೆಂದು ತಿಳಿದುಕೊ, ಪಂಡಿತ. ರೌಟರಿನಲ್ಲಿ ಒಳಹೋಗುವ ಮುನ್ನ ಹೆಸರು ಕೇಳುವ ಪುಟವಿದೆಯಲ್ಲ, ಆ ಹೆಸರಿಗೆ ಮೆಮೊರಿಯಲ್ಲಿ ಅರವತ್ತನಾಲ್ಕು ಅಕ್ಷರಗಳ ಜಾಗ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಬಂದವನಿಗೆ ಹೇಳುವವರಿಲ್ಲ. ಕಳ್ಳ ಸಾವಿರ ಅಕ್ಷರದ ಹೆಸರು ಹೇಳುತ್ತಾನೆ. ಹೆಚ್ಚಾದದ್ದು ಪಕ್ಕಕ್ಕೆ ಚೆಲ್ಲಿ, ಮುಂದೇನು ಮಾಡಬೇಕೆಂದು ಯಂತ್ರ ಬರೆದಿಟ್ಟುಕೊಂಡ ಟಿಪ್ಪಣಿಯನ್ನು ಅಳಿಸಿ, ಅಲ್ಲಿ ಕಳ್ಳನ ಆಜ್ಞೆ ಕೂರುತ್ತದೆ. ಯಂತ್ರವೂ ನಿನ್ನ ಹಾಗೆಯೇ, ಕೊನೆಗೆ ಕಿವಿ ಕಚ್ಚಿದವರ ಮಾತು ಕೇಳುತ್ತದೆ. ಈ ಹುಳುಕು ತುಂಬಲು ತಯಾರಕರು ತಿದ್ದುಪಡಿ ಕಳಿಸುತ್ತಾರೆ. ಹಾಕಿಕೊಂಡರೆ ಆಯಿತು. ನೀನು ಹಾಕಿರಲಾರೆ.

ನಾಳೆ ಹೊಸ ರೌಟರ್ ಬರುತ್ತದೆ. ಅದರ ಪುಟ ಹೊರಗಿನವರಿಗೆ ಕಾಣದಂತೆ ಮುಚ್ಚುತ್ತೇನೆ, ಎಕ್ಸ್‌ರೇ ಯಂತ್ರಕ್ಕೆ ಬೇರೆಯೇ ಜಾಲ ಮಾಡುತ್ತೇನೆ, ತಿದ್ದುಪಡಿ ಬಂದ ದಿನವೇ ಹಾಕುತ್ತೇನೆ. ನಿನ್ನದನ್ನು ಗೋಡೆಯಿಂದ ಕಿತ್ತು ಅತ್ತಿಗೆಯ ಮುಂದಿಟ್ಟು ತೀರ್ಪನ್ನೂ ಕೊಟ್ಟೆ. “ಬಾಗಿಲೂ ಹಾಕ್ದೆ ಹೋದ್ರಾ ನಿಮ್ಮಣ್ಣ? ಇನ್ಮೇಲೆ ನನ್ನ ಕ್ಲಿನಿಕ್ಕಿಗೆ ಕಾಲಿಡೋದು ಬೇಡ ಅನ್ನು” ಎಂದರು. ಭಾನುವಾರ ನಿನ್ನ ಫೋನನ್ನೂ ಎತ್ತುವುದಿಲ್ಲವಂತೆ. “ಲೋ ಪೆದ್ದ, ನಿಂಗಿದೆಲ್ಲ ತಿಳಿಯೋಲ್ಲ” ಎಂದು ಹದಿನೈದು ವರ್ಷ ಹಾಡಿದೆಯಲ್ಲ. ತಿಳಿಯಿತು, ನೋಡು.

ಸಮುದ್ರರಾಜ ನಿನ್ನನ್ನು ಸುಖವಾಗಿಡಲಿ, ಆದಷ್ಟು ಕಾಲ ಅಲ್ಲಿಯೇ.

ನಿನ್ನ ತಮ್ಮ,
ಪೆದ್ದ

ತಾ.ಕ.: ನಿಂತೇ ಗೀಚುತ್ತಿದ್ದೇನೆ. ಗುಜರಿಗೆ ಹಾಕಲೆಂದು ನಿನ್ನ ರೌಟರ್ ಮಗುಚಿದೆ. ತಳದಲ್ಲಿ ನಿನ್ನ ಪೆನ್ಸಿಲ್ ಸಾಲುಗಳು: ತಿದ್ದುಪಡಿ ಹಾಕಿದ ತಾರೀಖುಗಳು, ಕೊನೆಯದು ನೀನು ಹೊರಟ ಬೆಳಿಗ್ಗೆಯದು, ಕೆಳಗೆ ‘ಹೊರಗಿನ ಪುಟ ಮುಚ್ಚಿದೆ’. ಕಳ್ಳ ಬಂದದ್ದು ಬೇರೆ ಡಬ್ಬಿಯಿಂದ. ಫೋನಿನಲ್ಲಿ ಕ್ರಿಕೆಟ್ ಮ್ಯಾಚ್ ತಡವರಿಸದಿರಲೆಂದು ನಾನು ಗುಜರಿಯಿಂದ ತಂದು, ಎಕ್ಸ್‌ರೇ ಕಪಾಟಿನ ಹಿಂದೆ ಹೊರಗಿನ ಲೈನಿಗೇ ಸಿಕ್ಕಿಸಿದ್ದ ರೌಟರ್. ತಯಾರಕರು ಅದರ ಕೈಬಿಟ್ಟು ಆರು ವರ್ಷ. ಅದರ ದಾಖಲೆಯಲ್ಲಿ ಭಾನುವಾರ ಬಂದವನ ಹೆಸರು ಎರಡು ಪುಟ ಉದ್ದವಿದೆ. ಅತ್ತಿಗೆಗೆ ಹೇಳಿ ಓಡಿಬಂದೆ. ಫೋನ್ ಮಾಡು, ಎತ್ತುತ್ತಾರೆ. ಆ ಚೀಟಿ ಏನಾಯಿತೆಂದು ಕೇಳಬೇಡ. ನನ್ನ ಡಬ್ಬಿಗೇ ಅಂಟಿಸಿದ್ದೆ. ಅಂದಿನಿಂದ ಅದನ್ನು ಯಾರೂ ಮುಟ್ಟಿಲ್ಲ, ನಾನೂ.