ಎರಡು ಅಸಲಿ ಬೋರ್ಡು

ಭಾನುವಾರ, ಜನವರಿ ೧೮

ಬೆಳಗಿನ ಜಾವ ಕೆಟ್ಟ ಕನಸು. ನಮ್ಮ ಅಂಗಡಿಯ ಬೋರ್ಡು ಕಳಚಿ ಭಾವನ ತಲೆಯ ಮೇಲೆ ಬಿತ್ತು.

ನಮ್ಮವರೂ ಭಾವನೂ ಬೇರೆಯಾಗಿ, ಗುಜರಾತಿನ ಈ ಅಲ್ಕಾಪುರಿಯಲ್ಲಿ ಅಕ್ಕಪಕ್ಕವೇ ಅಂಗಡಿ ಇಟ್ಟು, ಇಬ್ಬರೂ ‘ಅಸಲಿ ದಾವಣಗೆರೆ ದೋಸೆ’ ಎಂದು ಬರೆಸಿದ ಮೇಲೆ ಒಂದು ವರ್ಷ ಮಾತಿಲ್ಲ. ಇವತ್ತು ಭಾವನ ಮಗಳು ಮೇದಿನಿ ಯಾರಿಗೂ ಹೇಳದೆ ಎರಡೂ ಮನೆಗೆ ಒಂದೇ ಸಾಲಿನಲ್ಲಿ ಸಿನಿಮಾ ಟಿಕೆಟ್ ತೆಗೆದಿದ್ದಳು. ಗುಜರಾತಿ ಕಾಮಿಡಿ. ಅದರಲ್ಲೂ ಅಣ್ಣತಮ್ಮ, ಅದರಲ್ಲೂ ಎರಡು ‘ಅಸಲಿ’ ಬೋರ್ಡು. ಥಿಯೇಟರೆಲ್ಲ ನಗುತ್ತಿತ್ತು, ನಮ್ಮ ಸಾಲು ಮಾತ್ರ ಸುಮ್ಮನೆ. ಈಗ ಜಗಳ ಆಗೇ ಆಗುತ್ತದೆ ಅಂದುಕೊಂಡೆ.

ಭಾವ ನಮ್ಮವರ ಕಡೆ ಬಾಗಿ, “ಲಿಂಗಾ, ಈ ನನ್ಮಗ ನಮ್ಮ ದೋಸೆ ತಿಂದು ಹೋಗಿ ಕತೆ ಬರ್ದಾನೆ ನೋಡು” ಅಂದರು.

“ಯಾರ ಅಂಗಡ್ಯಾಗ ತಿಂದ್ನಂತೆ ಅಣ್ಣ?”

“ಅಸಲಿ ಅಂಗಡ್ಯಾಗ.”

ಇಬ್ಬರೂ ಕೆಮ್ಮು ಬರುವಷ್ಟು ನಕ್ಕರು. ಹೊರಗೆ ಬಂದ ಮೇಲೆ ಭಾವ, “ನಾಳೆ ಏಳಕ್ಕೆ ಎರಡೂ ಬೋರ್ಡು ಇಳ್ಸಾಣ” ಅಂದರು. ಅಷ್ಟಾದರೆ ಸಾಕು ದೇವರೇ.

ಆದರೆ ಏಣಿ ಯಾರು ತರುವುದು ಅಂತ ಮಾತೇ ಆಗಲಿಲ್ಲವೇನೋ. ಅವರು ತರಲಿ ಅಂತ ಇವರು, ಇವರು ತರಲಿ ಅಂತ ಅವರು ಕೂತುಬಿಟ್ಟರೆ? ಬೆಳಿಗ್ಗೆ ಎದ್ದ ಕೂಡಲೇ ಕೇಳಬೇಕು, ಏಣಿ ಯಾರು ತರುತ್ತಾರೆ ಅಂತ.