ನೆಟ್‌ನಲ್ಲಿ ಒಬ್ಬರೇ

ಆಸ್ಪತ್ರೆಯ ಇಸ್ತ್ರಿ ಕೋಣೆ,
ಮಂಗಳವಾರ, ಮಧ್ಯಾಹ್ನ ಮೂರೂಕಾಲು

ಪ್ರೀತಿಯ ಅಕ್ಕನಿಗೆ,

ಮೂರು ವರ್ಷದ ಮೇಲೆ ತಂಗಿಯ ಅಕ್ಷರ ಕಂಡು ಗಾಬರಿಯಾಗಬೇಡ. ಎಲ್ಲರೂ ಚೆನ್ನಾಗಿದ್ದೇವೆ. ಬರೆಯಲು ಕಾರಣ ನಿಮ್ಮ ರೇಡಿಯೊ ಮ್ಯಾನೇಜರು. ನಿನ್ನ ಮಧ್ಯಾಹ್ನದ ಹಾಡಿನ ಕಾರ್ಯಕ್ರಮ ನೆಟ್‌ನಲ್ಲಿ ಬರುವುದನ್ನು ತಿಂಗಳ ಕೊನೆಗೆ ನಿಲ್ಲಿಸುತ್ತಾರಂತೆ. ಅಲ್ಲಿ ಕೇಳುವವರು ಒಬ್ಬರೇ ಅಂತೆ. ನನಗೆ ಹೇಗೆ ಗೊತ್ತಾಯಿತೆಂದು ಆಮೇಲೆ ಹೇಳುತ್ತೇನೆ.

ಆ ಒಬ್ಬರು ನಾನೇ.

ಆದರೆ ಅವರ ಎಣಿಕೆ ತಪ್ಪು. ನಿಮ್ಮ ರೇಡಿಯೊ ಈ ಊರಿನವರೆಗೆ ಬರುವುದಿಲ್ಲ, ಹಾಗಾಗಿ ಎರಡು ಗಂಟೆಗೆ ಫೋನನ್ನು ಖಾಲಿ ಸ್ಟೀಲ್ ಪಾತ್ರೆಯೊಳಗೆ ನಿಲ್ಲಿಸುತ್ತೇನೆ, ಸದ್ದು ದೊಡ್ಡದಾಗಲಿ ಅಂತ. ವಾರ್ಡಿನ ಚಾದರ ಮಡಚುತ್ತ ಹನ್ನೊಂದು ಹೆಂಗಸರು ಕೇಳುತ್ತೇವೆ. ದೊಡ್ಡ ಆ್ಯಪ್‌ಗಳಲ್ಲಿ ಹಾಡಿಗೇನು ಬರ? ಆದರೆ ಅವು ನಿನ್ನೆ ಕೇಳಿದ್ದನ್ನೇ ಬಿಸಿಮಾಡಿ ಇವತ್ತೂ ಬಡಿಸುತ್ತವೆ. ಬಸ್ ಡಿಪೋದ ಮೆಕ್ಯಾನಿಕ್ ತನ್ನ ಹೆಂಡತಿಯ ಮಂಡಿ ಆಪರೇಶನ್ ದಿನ ಕೇಳಿದ ಹಾಡು ಇದು ಅಂತ ಹೇಳಿ ಹಾಕುವವಳು ನೀನೊಬ್ಬಳೇ. ಆಕೆ ಕೋಲು ಬಿಟ್ಟು ನಡೆದಳೆಂದು ನೀನು ಹೇಳಿದ ದಿನ ನಮ್ಮ ಸೂಪರ್‌ವೈಸರಮ್ಮ ಎಲ್ಲರಿಗೂ ಚಹಾ ತರಿಸಿದರು. ಆ ಮೆಕ್ಯಾನಿಕ್ ಹೆಂಡತಿಯ ಮುಖ ನಾವ್ಯಾರೂ ನೋಡಿಲ್ಲ.

ಇಲ್ಲಿಗೆ ಬಂದ ಹೊಸದರಲ್ಲಿ ನನ್ನನ್ನು ಯಾರೂ ಮಾತಾಡಿಸುತ್ತಿರಲಿಲ್ಲ. ಒಂದು ದಿನ ಇಯರ್‌ಫೋನ್ ಕೆಟ್ಟು ನಿನ್ನ ದನಿ ಕೋಣೆಗೆಲ್ಲ ಕೇಳಿತು. ಯಾರಿದು ಅಂದರು. ನಮ್ಮಕ್ಕ ಅಂದೆ. ಮಾತು ಬಿಟ್ಟು ವರ್ಷವಾಗಿದ್ದರೂ ಹಾಗಂದೆ. ಅವತ್ತಿನಿಂದ ನಾನು ಇಲ್ಲಿ ‘ರೇಡಿಯೊ ತಂಗಿ’. ನನಗೆ ಹತ್ತು ಜನ ಗೆಳತಿಯರನ್ನು ಕೊಟ್ಟವಳು ನೀನು ಅಕ್ಕ. ಈ ಉಪಕಾರ ಮರೆಯುವಂಥದ್ದಲ್ಲ.

ನನ್ನ ಮದುವೆಯ ದಿನವೂ ನೀನು ಕಾರ್ಯಕ್ರಮ ಮುಗಿಸಿಯೇ ಬಂದೆಯೆಂದು, ನೆಂಟರೆದುರೇ ನಾನು “ನಿನ್ನ ರೇಡಿಯೊನ ಕಾಗೆ ಗುಬ್ಬಿನೂ ಕೇಳಲ್ಲ” ಅಂದುಬಿಟ್ಟೆ. ಆ ಮಾತು ನನಗೇ ಬಿಸಿತುಪ್ಪವಾಯಿತು, ನುಂಗಲೂ ಆಗದು, ಉಗುಳಲೂ ಆಗದು. ತಪ್ಪಾಯಿತು.

ಈಗ ಗುಟ್ಟು. ನಮ್ಮ ಎಲೆಕ್ಟ್ರಿಷಿಯನ್ ಹೇಳುವ ಪ್ರಕಾರ ನಿನ್ನ ಮೈಕಿಗೆ ಎರಡು ಗುಂಡಿಗಳಿರಬೇಕು, ಒಂದು ರೇಡಿಯೊಗೆ, ಇನ್ನೊಂದು ನೆಟ್‌ಗೆ. ಹಾಡು ಶುರುವಾದಾಗ ನೀನು ಮೊದಲನೆಯದನ್ನು ಇಳಿಸುತ್ತೀಯ, ಎರಡನೆಯದನ್ನು ಮರೆಯುತ್ತೀಯ. ಹೀಗಾಗಿ ಹಾಡಿನ ಜೊತೆಗೆ ನೀನು ಚಹಾ ಸೊರ್ರೆಂದು ಕುಡಿಯುವುದು, ಶ್ರುತಿ ತಪ್ಪಿ ಗುನುಗುವುದು, ಎಲ್ಲವೂ ನಮಗೆ ಬರುತ್ತದೆ. ಹೋದ ಶುಕ್ರವಾರ ಮ್ಯಾನೇಜರು “ಒಬ್ರಿಗೋಸ್ಕರ ಯಾಕೆ ಮೇಡಂ?” ಅಂದದ್ದೂ ಬಂತು. “ಒಬ್ರಾದ್ರೂ ಇದ್ದಾರಲ್ಲ ಸರ್, ಇರ್ಲಿ ಬಿಡಿ” ಅಂತ ನೀನು ಬೇಡಿಕೊಂಡದ್ದೂ ಬಂತು. ಎಂಟು ತಿಂಗಳಿಂದ ಗೊತ್ತಿದ್ದೂ ಹೇಳಲಿಲ್ಲ. ಹೇಳಿದರೆ ಆ ಗುಂಡಿಯನ್ನೂ ಇಳಿಸಿಬಿಡುತ್ತೀಯಲ್ಲ.

ಜೊತೆಗೆ ಬೇರೊಂದು ಹಾಳೆ ಇಟ್ಟಿದ್ದೇನೆ, ಹನ್ನೊಂದು ಸಹಿಗಳಿವೆ. ಅದನ್ನು ಮ್ಯಾನೇಜರಿಗೆ ತೋರಿಸು, ಇದನ್ನು ಬೇಡ.

ನೀನೇ ಹೆಸರಿಟ್ಟ,
ಗುಬ್ಬಿ

ತಾ.ಕ.: ಶುಕ್ರವಾರ ಮ್ಯಾನೇಜರು ಬಾಗಿಲೆಳೆದುಕೊಂಡು ಹೋದ ಮೇಲೆ ನೀನು ಮೆಲ್ಲಗೆ, “ಗುಬ್ಬೀ, ಕೇಳ್ತಿದ್ದೀಯೇನೇ?” ಅಂದೆ. ಅದು ಯಾರ ಹೆಸರೆಂದು ಇಲ್ಲಿ ಯಾರಿಗೂ ತಿಳಿಯಲಿಲ್ಲ. ನಾನು ಚಾದರದಲ್ಲಿ ಮುಖ ಮುಚ್ಚಿಕೊಂಡು, ಕೇಳ್ತಿದ್ದೀನಿ ಅಂದೆ.